ಮುಂದಿನ ಭಾಗದಲ್ಲಿ ಏನಿರಬೇಕು: ರೇಸಿಂಗ್ ಗೇಮ್ ಆಡುವವರ ಬಯಕೆಗಳೂ ಅವುಗಳ ಲೆಕ್ಕವೂ

ಜುಲೈ ತಿಂಗಳಲ್ಲಿ ಮುಂಬೈ ಹತ್ತಿರದ ಡೊಂಬಿವಲಿಗೆ ಮಳೆ ಹಿಡಿಯಿತೆಂದರೆ ಭಾನುವಾರ ಮನೆಯಿಂದ ಹೊರಬೀಳುವ ಮಾತಿಲ್ಲ. ಅಂಥ ದಿನ ಮಧ್ಯಾಹ್ನದ ಊಟವಾದ ಮೇಲೆ ಅಕ್ಕನ ಮನೆಯಲ್ಲಿ ನಾವು ನಾಲ್ವರು ಟಿವಿಯ ಮುಂದೆ ಕೂಡುತ್ತೇವೆ: ಅಕ್ಕನ ಮಗ, ಅದೇ ಕಟ್ಟಡದಲ್ಲಿರುವ ಅವನ ಇಬ್ಬರು ಗೆಳೆಯರು ಮತ್ತು ನಾನು. ಕಂಟ್ರೋಲರ್ ಎರಡೇ ಇರುವುದರಿಂದ ಇಬ್ಬರು ಓಡಿಸುವಾಗ ಇನ್ನಿಬ್ಬರು ನೋಡಬೇಕಾಗುತ್ತದೆ, ನೋಡುವವರು ಸುಮ್ಮನಿರುವುದೂ ಇಲ್ಲ. ಕಳೆದ ಮಳೆಗಾಲದಲ್ಲಿ ಹಾಗೆ ಸರದಿ ಕಾಯುತ್ತ ಕುಳಿತಿದ್ದ ಹುಡುಗರು ಹಳೆಯ ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ‘ಮುಂದಿನ ಭಾಗದಲ್ಲಿ ಇರಬೇಕಾದದ್ದು’ ಎಂದು ತಲೆಬರಹ ಹಾಕಿ ಹದಿನಾಲ್ಕು ಸಾಲು ಬರೆದರು. ಕಾರು ಹೆಚ್ಚಾಗಬೇಕು, ಮಳೆ ಇನ್ನೂ ನಿಜವಾಗಬೇಕು, ಎದುರಾಳಿಗಳು ಬುದ್ಧಿವಂತರಾಗಬೇಕು, ನಮ್ಮ ದೇಶದ ರಸ್ತೆ ಬರಬೇಕು, ಹೀಗೆ. ಒಂದೊಂದನ್ನೇ ಓದಿದರೆ ಯಾವುದೂ ಅತಿಯಾಸೆಯಲ್ಲ. ಆದರೆ ಹದಿನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಒಂದರ ಪಾಲಿನ ತುತ್ತನ್ನು ಇನ್ನೊಂದು ಕಸಿದುಕೊಳ್ಳುತ್ತಿರುವುದು ಕಾಣುತ್ತದೆ. ಈ ಬಯಕೆಗಳು ಎಲ್ಲಿಂದ ಹುಟ್ಟುತ್ತವೆ, ಏಕೆ ಸುಲಭವಾಗಿ ಈಡೇರುವುದಿಲ್ಲ, ಯಾವುದಕ್ಕೆ ಪಟ್ಟು ಹಿಡಿಯಬೇಕು ಎಂಬುದನ್ನು ಆ ಕಾಗದವನ್ನೇ ಮುಂದಿಟ್ಟುಕೊಂಡು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲಿಗೆ, ರೇಸಿಂಗ್ ಗೇಮಿನಲ್ಲಿ ‘ಮುಂದಿನ ಭಾಗ’ ಎಂದರೇನು ಎಂಬುದೇ ಸ್ವಲ್ಪ ಬೇರೆ ರೀತಿಯ ಪ್ರಶ್ನೆ. ಕಥೆಯಿರುವ ಗೇಮಿನ ಮುಂದಿನ ಭಾಗಕ್ಕೆ ಕಾಯುವವರು ಕಥಾನಾಯಕನಿಗೆ ಮುಂದೇನಾಯಿತು ಎಂದು ತಿಳಿಯಲು ಕಾಯುತ್ತಾರೆ. ಹೆಚ್ಚಿನ ರೇಸಿಂಗ್ ಗೇಮ್‌ಗಳಲ್ಲಿ ಅಂಥ ಕಥೆಯೇ ಇರುವುದಿಲ್ಲ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮೊದಲ ‘ಗ್ರಾನ್ ಟ್ಯುರಿಸ್ಮೊ’ ಬಂತು, 2022ರ ಮಾರ್ಚ್‌ನಲ್ಲಿ ಅದರ ಏಳನೆಯದು ಬಂತು. ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಮುಂದುವರಿದದ್ದು ಆಡುವವರ ಕೈಗೆ ಕೂತ ಅಭ್ಯಾಸ. ಯಾವ ತಿರುವಿಗೆ ಎಷ್ಟು ಮೊದಲು ಬ್ರೇಕ್ ಒತ್ತಬೇಕು, ಹಿಂದಿನ ಚಕ್ರ ಜಾರಲು ಶುರುವಾದಾಗ ಎಷ್ಟು ಬೇಗ ಕೈ ತಿರುಗಿಸಬೇಕು ಎಂಬುದನ್ನು ನೂರಾರು ಗಂಟೆ ಕಲಿತವರು, ಹೊಸ ಗೇಮ್ ಆ ಕಲಿಕೆಗೆ ಬೆಲೆ ಕೊಡಬೇಕೆಂದು ಬಯಸುತ್ತಾರೆ. ಹುಡುಗರ ಪಟ್ಟಿಯ ಹೆಚ್ಚಿನ ಸಾಲುಗಳ ಹಿಂದೆ ಇದೇ ಒಂದು ಮಾತಿದೆ: ನಾವು ಹಾಕಿದ ಹೊತ್ತು ವ್ಯರ್ಥವಾಗಬಾರದು.

ಈ ಗೇಮ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ನಿಜವಾದ ಕಾರಿನ ತೂಕ, ಟೈರಿನ ಹಿಡಿತ, ಎಂಜಿನ್ನಿನ ಬಲವನ್ನು ಲೆಕ್ಕಹಾಕಿ ತೋರಿಸುವುದು ಸಿಮ್ಯುಲೇಶನ್; ಆ ಲೆಕ್ಕವನ್ನು ಸಡಿಲಬಿಟ್ಟು ವೇಗದ ಖುಷಿಗೆ ಮೊದಲ ಮಣೆ ಹಾಕುವುದು ಆರ್ಕೇಡ್. 1992ರಿಂದ ಬರುತ್ತಿರುವ ‘ಮಾರಿಯೊ ಕಾರ್ಟ್’ ಪೂರ್ತಿ ಆರ್ಕೇಡ್. ‘ಗ್ರಾನ್ ಟ್ಯುರಿಸ್ಮೊ’ ಮತ್ತು 2005ರಲ್ಲಿ ಶುರುವಾದ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ ಸಿಮ್ಯುಲೇಶನ್ ಕಡೆಗಿವೆ. 2012ರಿಂದ ಬರುತ್ತಿರುವ ‘ಫೋರ್ಜಾ ಹೊರೈಜನ್’ ಎರಡರ ನಡುವೆ ನಿಂತು, ಒಂದು ಇಡೀ ಪ್ರದೇಶವನ್ನು ಸುತ್ತಾಡಲು ಬಿಟ್ಟುಕೊಡುತ್ತದೆ. ಒಂದು ಬಗೆಯ ಅಭಿಮಾನಿಯ ಬಯಕೆ ಇನ್ನೊಂದು ಬಗೆಯವರಿಗೆ ತೊಡಕಾಗಬಹುದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಈ ವಿಂಗಡಣೆಯ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಪಟ್ಟಿಯ ಮೊದಲ ಸಾಲು ‘ಕಾರು ಕೈಗೆ ಸಿಗಬೇಕು’ ಎಂದಿದೆ. ಮೂರು ಪದಗಳ ಈ ಮಾತಿನ ಹಿಂದೆ ಇರುವ ಲೆಕ್ಕವೇ ಮಿಕ್ಕ ಎಲ್ಲ ಲೆಕ್ಕಗಳ ತಾಯಿ. ಟಿವಿಯಲ್ಲಿ ಕಾಣುವ ಓಟವೆಂದರೆ ಒಂದರ ಹಿಂದೆ ಒಂದು ಬರುವ ಸ್ಥಿರಚಿತ್ರಗಳು. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೆ ಕನ್ಸೋಲಿನ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರದ, ಕೈಯಲ್ಲಿ ಇರುವುದು 16.67 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ನಮ್ಮ ಬೆರಳು ಎಲ್ಲಿದೆ ಎಂದು ಓದಬೇಕು, ಟೈರು, ಸ್ಪ್ರಿಂಗು, ಗಾಳಿಯ ಒತ್ತಡವನ್ನು ಲೆಕ್ಕಹಾಕಬೇಕು, ಎದುರಾಳಿ ಕಾರುಗಳ ನಡೆಯನ್ನು ತೀರ್ಮಾನಿಸಬೇಕು, ಕೊನೆಗೆ ರಸ್ತೆ, ಮರ, ಆಕಾಶ, ಬಾನೆಟ್ಟಿನ ಮೇಲಿನ ಹೊಳಪನ್ನೆಲ್ಲ ಬರೆಯಬೇಕು. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 55 ಮೀಟರು ಸಾಗುತ್ತದೆ. ಸೆಕೆಂಡಿಗೆ 30 ಚಿತ್ರವಾದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾರು 1.85 ಮೀಟರು ಮುಂದೆ ಹೋಗಿರುತ್ತದೆ. 60 ಆದರೆ ಅದರ ಅರ್ಧ. ಬ್ರೇಕ್ ಒತ್ತುವ ಜಾಗವನ್ನು ರಸ್ತೆಬದಿಯ ಒಂದು ಫಲಕ ನೋಡಿ ಗುರುತಿಟ್ಟುಕೊಂಡವನಿಗೆ ಒಂದು ಮೀಟರಿನ ವ್ಯತ್ಯಾಸ ದೊಡ್ಡದು. ಚಿತ್ರ ಎಷ್ಟೇ ಅಂದವಾಗಿರಲಿ, ಆಟಗಾರರು ಮೊದಲು ಕೇಳುವುದು 60 ಚಿತ್ರಗಳನ್ನು, ಅದೂ ಒಮ್ಮೆಯೂ ಕುಗ್ಗದಂತೆ.

ಟೈರಿನ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ನಿಜವಾದ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗಗಳಲ್ಲಿ. ‘ಫೋರ್ಜಾ ಮೋಟಾರ್‌ಸ್ಪೋರ್ಟ್’ನ ಹಿಂದಿನ ಭಾಗಗಳಲ್ಲಿ ಒಂದು ಟೈರು ರಸ್ತೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ ಎಂದು ಎಣಿಸಿ, ಆ ಬಿಂದುವನ್ನು ಸೆಕೆಂಡಿಗೆ 60 ಸಲ ಪರೀಕ್ಷಿಸುತ್ತಿದ್ದರು. 2023ರ ಭಾಗದಲ್ಲಿ ಒಂದು ಟೈರಿಗೆ ಎಂಟು ಬಿಂದುಗಳಾದವು, ಪರೀಕ್ಷೆ ಸೆಕೆಂಡಿಗೆ 360 ಸಲವಾಯಿತು. ಎಂಟರಷ್ಟು ಬಿಂದು, ಆರರಷ್ಟು ವೇಗ. ಗುಣಿಸಿದರೆ 48 ಪಟ್ಟು ಕೆಲಸ. ಇದರ ಫಲವನ್ನು ಗೊತ್ತುಮಾಡಿಕೊಳ್ಳಲು ಪುಸ್ತಕ ಓದಬೇಕಾಗಿಲ್ಲ. ತಿರುವಿನ ಒಳಗಡೆಯ ಕೆಂಪು–ಬಿಳಿ ಕಲ್ಲುಸಾಲಿನ ಮೇಲೆ ಚಕ್ರದ ಅರ್ಧ ಹತ್ತಿ ಅರ್ಧ ರಸ್ತೆಯಲ್ಲಿಯೇ ಉಳಿದಾಗ, ಒಂದೇ ಬಿಂದುವಿನ ಲೆಕ್ಕದಲ್ಲಿ ಕಾರು ತಟ್ಟನೆ ಎಗರುತ್ತದೆ. ಎಂಟು ಬಿಂದುಗಳ ಲೆಕ್ಕದಲ್ಲಿ ಅದು ಮೆಲ್ಲಗೆ ವಾಲುತ್ತದೆ, ಸರಿಪಡಿಸಿಕೊಳ್ಳಲು ಕೈಗೆ ಒಂದಿಷ್ಟು ಅವಕಾಶ ಸಿಗುತ್ತದೆ. ‘ಕೈಗೆ ಸಿಗುವುದು’ ಎಂದು ಹುಡುಗರು ಹೇಳುವುದು ಈ ಅವಕಾಶವನ್ನೇ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಎಷ್ಟೋ ಮನೆಗಳಲ್ಲಿ ಕಾರು ಕೈಗೆ ಸಿಗದಿರುವುದಕ್ಕೆ ಗೇಮ್ ಕಾರಣವಾಗಿರುವುದಿಲ್ಲ. ಈಗಿನ ಟಿವಿಗಳು ಚಿತ್ರವನ್ನು ಚಂದಗಾಣಿಸಲು ಒಂದಷ್ಟು ಹೊತ್ತು ತಮ್ಮೊಳಗೇ ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತವೆ, ಆ ತಡ ಹತ್ತಾರು ಮಿಲಿಸೆಕೆಂಡ್‌ಗಳಷ್ಟಾಗಬಹುದು. ಸೆಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿದರೆ ಟಿವಿ ಆ ಅಲಂಕಾರ ಬಿಟ್ಟು ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ಅಕ್ಕನ ಮನೆಯ ಟಿವಿಯಲ್ಲಿ ಒಂದು ವರ್ಷ ಅದು ಹಾಕಿರಲಿಲ್ಲ. ಹಾಕಿದ ದಿನವೇ ಅಳಿಯ ತನ್ನ ಅತ್ಯುತ್ತಮ ಸುತ್ತಿನ ಸಮಯವನ್ನು ಮುಕ್ಕಾಲು ಸೆಕೆಂಡಿನಷ್ಟು ಇಳಿಸಿದ.

ಮಳೆಯ ವಿಷಯದಲ್ಲಿ ಮುಂಬೈ ಕಡೆಯವರಿಗೆ ಬೇರೆಯವರಿಗಿಂತ ಹೆಚ್ಚು ತಿಳಿವಳಿಕೆಯೂ ಹೆಚ್ಚು ಹಟವೂ ಇದೆ ಎಂದು ನನಗನ್ನಿಸುತ್ತದೆ. ಗೇಮಿನಲ್ಲಿ ಮಳೆ ಬರುವುದೆಂದರೆ ಎರಡು ಬೇರೆ ಬೇರೆ ಕೆಲಸಗಳು. ಒಂದು, ಕಣ್ಣಿಗೆ ಕಾಣುವ ಮಳೆ: ಹನಿ, ಮಂಜು, ಗಾಜಿನ ಮೇಲೆ ಹರಿಯುವ ನೀರು. 2014ರಲ್ಲಿ ಎವಲ್ಯೂಷನ್ ಸ್ಟುಡಿಯೋಸ್ ತಂದ ‘ಡ್ರೈವ್‌ಕ್ಲಬ್’ ಗೇಮಿಗೆ ಆ ವರ್ಷದ ಡಿಸೆಂಬರ್‌ನಲ್ಲಿ ಮಳೆಯನ್ನು ಸೇರಿಸಿದಾಗ, ಕಾರು ತಿರುಗಿದ ದಿಕ್ಕಿಗೆ ತಕ್ಕಂತೆ ಗಾಜಿನ ಮೇಲಿನ ಹನಿಗಳೂ ಓರೆಯಾಗಿ ಹರಿಯುವುದನ್ನು ಕಂಡವರು ಇಂದಿಗೂ ಅದನ್ನೇ ಅಳತೆಗೋಲಾಗಿ ಹೇಳುತ್ತಾರೆ. ಎರಡನೆಯದು ಟೈರಿಗೆ ತಿಳಿಯುವ ಮಳೆ, ಇದೇ ಕಠಿಣ. ರಸ್ತೆಯ ಮೇಲೆ ನೀರು ಎಲ್ಲೆಡೆ ಒಂದೇ ಸಮ ನಿಲ್ಲುವುದಿಲ್ಲ. ತಗ್ಗಿನಲ್ಲಿ ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೇ ತೇಲುತ್ತದೆ. ಆ ಗಳಿಗೆಯಲ್ಲಿ ಸ್ಟಿಯರಿಂಗೂ ಕೆಲಸಕ್ಕೆ ಬಾರದು, ಬ್ರೇಕೂ ಕೆಲಸಕ್ಕೆ ಬಾರದು. ಮಳೆ ನಿಂತ ಮೇಲೆ ಕಾರುಗಳು ಮತ್ತೆ ಮತ್ತೆ ಓಡಿದ ಗೆರೆ ಮೊದಲು ಒಣಗುತ್ತದೆ. ಆದರೆ ಮಳೆ ಬೀಳುತ್ತಿರುವಾಗ ಅದೇ ಗೆರೆ ಅಪಾಯದ್ದು, ಏಕೆಂದರೆ ಒಣ ದಿನಗಳಲ್ಲಿ ಅಲ್ಲಿ ಮೆತ್ತಿಕೊಂಡ ರಬ್ಬರು ಒದ್ದೆಯಾದಾಗ ಜಾರುತ್ತದೆ. ಹೀಗಾಗಿ ಮಳೆಯಲ್ಲಿ ಬಲ್ಲ ಚಾಲಕ ಎಂದಿನ ಗೆರೆ ಬಿಟ್ಟು ಹೊರಬದಿಯಲ್ಲಿ ಓಡಿಸುತ್ತಾನೆ.

ಇದನ್ನೆಲ್ಲ ಗೇಮ್ ತೋರಿಸಬೇಕಾದರೆ ರಸ್ತೆಯ ಪ್ರತಿಯೊಂದು ಚಿಕ್ಕ ತುಂಡಿಗೂ ಅಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕವಿಟ್ಟು, ಗಳಿಗೆಗೊಮ್ಮೆ ಬದಲಿಸುತ್ತಿರಬೇಕು. 2015ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್ 6’ರಲ್ಲಿ ನೀರು ನಿಂತ ಗುಂಡಿಗಳಿದ್ದವು, ಅವುಗಳ ಮೇಲೆ ಕಾರು ತೇಲುತ್ತಲೂ ಇತ್ತು, ಆದರೆ ಗುಂಡಿಗಳ ಜಾಗ ಬದಲಾಗುತ್ತಿರಲಿಲ್ಲ. ‘ಗ್ರಾನ್ ಟ್ಯುರಿಸ್ಮೊ 7’ರಲ್ಲಿ ಓಟದ ನಡುವೆ ಮೋಡ ಬಂದು, ಮಳೆ ಸುರಿದು, ಓಡಿದ ಗೆರೆ ಒಣಗುತ್ತ ಬರುತ್ತದೆ. ಕಳೆದ ಜುಲೈನ ಒಂದು ಓಟದಲ್ಲಿ ಅಳಿಯನ ಎಡಗೈ ತೋರುಬೆರಳನ್ನು ನಾನು ಗಮನಿಸಿ ನೋಡಿದೆ. ಬ್ರೇಕಿನ ಟ್ರಿಗರನ್ನು ಅವನು ಒಂದೇ ಸಲ ಒತ್ತಲಿಲ್ಲ. ಮೊದಲು ಕಾಲುಭಾಗ ಒತ್ತಿ, ಅದು ಅದುರಲು ಶುರುವಾದ ಕೂಡಲೇ ಕೂದಲೆಳೆಯಷ್ಟು ಬಿಟ್ಟು, ಮತ್ತೆ ಒತ್ತಿದ. ಚಕ್ರ ಕಚ್ಚಿಕೊಂಡು ಜಾರುವ ಹಂತಕ್ಕೆ ಬಂದದ್ದನ್ನು ಆ ಅದುರುವಿಕೆಯೇ ಅವನಿಗೆ ಹೇಳುತ್ತಿತ್ತು. ‘ಮಾಮ, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ’ ಎಂದ. ಮುಂದಿನ ಭಾಗದಲ್ಲಿ ಮಳೆ ಇನ್ನೂ ನಿಜವಾಗಬೇಕು ಎಂದು ಅವನು ಬರೆದಿರುವುದು ಹನಿಗಳ ಅಂದಕ್ಕಾಗಿ ಅಲ್ಲ. ಇಳಿಜಾರಿಗೆ ತಕ್ಕಂತೆ ನೀರು ಹರಿಯಲಿ, ಒಂದು ತಿರುವಿನಲ್ಲಿ ಸುರಿಯುತ್ತಿದ್ದು ಮತ್ತೊಂದರಲ್ಲಿ ಒಣಗಿರಲಿ, ಎದುರಾಳಿಗಳಿಗೂ ಅದೇ ನೀರು ಕಾಡಲಿ ಎಂಬುದು ಅವನ ಬಯಕೆ. ಇದು ಈಡೇರಬೇಕಾದರೆ ಹಳೆಯ ಕನ್ಸೋಲನ್ನು ಕೈಬಿಡಬೇಕಾಗುತ್ತದೆ. ‘ಗ್ರಾನ್ ಟ್ಯುರಿಸ್ಮೊ 7’ ಸೋನಿಯ ಹಳೆಯ ಕನ್ಸೋಲಾದ ಪಿಎಸ್4ರಲ್ಲಿಯೂ (ಪ್ಲೇಸ್ಟೇಷನ್ 4) ಅದರ ನಂತರದ ಪಿಎಸ್5ರಲ್ಲಿಯೂ ಓಡಬೇಕಾಗಿದ್ದರಿಂದ ಅದರ ಲೆಕ್ಕಗಳು ಚಿಕ್ಕ ಯಂತ್ರದ ಶಕ್ತಿಗೂ ಹೊಂದಬೇಕಿತ್ತು. ಹಳೆಯ ಕನ್ಸೋಲ್ ಇರುವವರಿಗೆ ಇದು ನೋವಿನ ಮಾತು ಎಂದು ಬಲ್ಲೆ. ನಮ್ಮ ನಡುವೆ ಅಂಥವರು ಬಹಳ ಜನರಿದ್ದಾರೆ, ಪಿಎಸ್5 ಭಾರತದಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ ಇತ್ತು. ಆದರೂ ನನ್ನ ಅಭಿಪ್ರಾಯದಲ್ಲಿ ಮುಂದಿನ ಭಾಗ ಹೊಸ ಯಂತ್ರಕ್ಕೆ ಮಾತ್ರ ಬರುವುದೇ ಸರಿ.

‘ಕಾರು ಸಾವಿರ ಬೇಕು’ ಎಂಬುದು ಪಟ್ಟಿಯ ನಾಲ್ಕನೆಯ ಸಾಲು. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. 2010ರ ‘ಗ್ರಾನ್ ಟ್ಯುರಿಸ್ಮೊ 5’ರಲ್ಲಿ ಸಾವಿರದಷ್ಟು ಕಾರುಗಳಿದ್ದವು. ಆದರೆ ಹೊಸದಾಗಿ, ಒಳಗಿನ ಡ್ಯಾಶ್‌ಬೋರ್ಡಿನ ಸಹಿತ ಮಾಡಿದ ‘ಪ್ರೀಮಿಯಂ’ ಕಾರುಗಳು ಸುಮಾರು 200 ಮಾತ್ರ. ಉಳಿದ ಎಂಟುನೂರು ಹಿಂದಿನ ಗೇಮ್‌ಗಳಿಂದ ಎತ್ತಿ ತಂದವು, ಹತ್ತಿರದಿಂದ ನೋಡಿದರೆ ಅಂಚುಗಳು ಒರಟಾಗಿ ಕಾಣುತ್ತಿದ್ದವು. ಮೊದಲ ಗೇಮಿನಲ್ಲಿ ಒಂದು ಕಾರನ್ನು ಕೆಲವು ನೂರು ತ್ರಿಕೋನಗಳಿಂದ ಕಟ್ಟುತ್ತಿದ್ದರು. ಐದನೆಯ ಭಾಗದ ಹೊತ್ತಿಗೆ ಅದು ಲಕ್ಷಗಳಿಗೆ ಏರಿತ್ತು. ಇಂಥ ಒಂದು ಕಾರನ್ನು ಕಟ್ಟಲು ಒಬ್ಬರಿಗೆ ಆರು ತಿಂಗಳು ಹಿಡಿಯುತ್ತದೆ ಎಂದು ಈ ಸರಣಿಯ ರೂವಾರಿ ಕಝುನೊರಿ ಯಮಾಉಚಿ ಹೇಳಿದ್ದಾರೆ. 400 ಕಾರಿಗೆ ಲೆಕ್ಕಹಾಕಿದರೆ ಒಬ್ಬ ಮನುಷ್ಯನ 200 ವರ್ಷದ ದುಡಿಮೆ. ಅದಲ್ಲದೆ ಪ್ರತಿಯೊಂದು ಕಾರಿಗೂ ಅದರ ತಯಾರಕರ ಅನುಮತಿ ಬೇಕು, ಆ ಅನುಮತಿಗೆ ಅವಧಿಯೂ ಇರುತ್ತದೆ.

ಆದ್ದರಿಂದ ಸಂಖ್ಯೆಗಿಂತ ಆಯ್ಕೆಯನ್ನು ಕೇಳುವುದು ಜಾಣತನ. ಒಂದೇ ಕಾರಿನ ಹತ್ತು ಬಗೆಗಳಿಗಿಂತ, ಬೀದಿಯಲ್ಲಿ ನಿಜವಾಗಿ ಓಡುವ ಕಾರುಗಳು ಬೇಕು. ಏಳನೆಯ ಭಾಗದಲ್ಲಿ ಸುಝುಕಿ ಸ್ವಿಫ್ಟ್ ಸ್ಪೋರ್ಟ್ ಇದೆ. ನಮ್ಮ ಕಟ್ಟಡದ ಕೆಳಗೆ ನಿಂತಿರುವ ಸ್ವಿಫ್ಟಿಗೂ ಅದಕ್ಕೂ ಎಂಜಿನ್ನಿನಲ್ಲಿ ವ್ಯತ್ಯಾಸವಿದ್ದರೂ, ದಿನವೂ ಕಾಣುವ ಆಕಾರವೊಂದು ರೇಸಿನಲ್ಲಿ ಮುಂದೆ ಹೋಗುವುದನ್ನು ನೋಡುವ ಸಂತೋಷ ಕೋಟಿ ಬೆಲೆಯ ಕಾರಿನಿಂದ ಬರುವುದಿಲ್ಲ. ಗೇಮಿನೊಳಗಿನ ಹಣದ ವಿಷಯವೂ ಇದಕ್ಕೇ ಸೇರಿದ್ದು. 2022ರ ಮಾರ್ಚ್‌ನಲ್ಲಿ ‘ಗ್ರಾನ್ ಟ್ಯುರಿಸ್ಮೊ 7’ರ ಒಂದು ಅಪ್‌ಡೇಟ್ ಹಲವು ಓಟಗಳ ಬಹುಮಾನದ ಹಣವನ್ನು ಕಡಿತಗೊಳಿಸಿತು, ಅದೇ ಹೊತ್ತಿಗೆ ಗೇಮ್ ಒಂದು ದಿನಕ್ಕೂ ಹೆಚ್ಚು ಕಾಲ ತೆರೆಯಲೇ ಇಲ್ಲ, ಕೊನೆಗೆ ಯಮಾಉಚಿ ಅವರೇ ಕ್ಷಮೆ ಕೇಳಿ, ಆಟಗಾರರಿಗೆ ಹತ್ತು ಲಕ್ಷ ಕ್ರೆಡಿಟ್ (ಗೇಮಿನೊಳಗಿನ ಹಣ) ಕೊಟ್ಟು, ಏಪ್ರಿಲ್‌ನಲ್ಲಿ ಬಹುಮಾನಗಳನ್ನು ಹೆಚ್ಚಿಸಬೇಕಾಯಿತು. ಎರಡು ಕೋಟಿ ಕ್ರೆಡಿಟ್ ಬೆಲೆಯ ಕಾರು ಇರುವ ಗೇಮಿನಲ್ಲಿ ಬಹುಮಾನ ಕುಗ್ಗಿದರೆ, ಕುಗ್ಗುವುದು ಆಟಗಾರರ ಹೊತ್ತು.

ಎದುರಾಳಿಗಳ ವಿಷಯಕ್ಕೆ ಬರೋಣ. ಕನ್ಸೋಲ್ ತಾನೇ ಓಡಿಸುವ ಕಾರುಗಳ ಬಗ್ಗೆ ಬಹುಕಾಲದ ದೂರು ಎರಡು. ಒಂದು, ಅವು ರೈಲಿನ ಬೋಗಿಗಳಂತೆ ಒಂದೇ ಗೆರೆಯಲ್ಲಿ ಬರುತ್ತವೆ, ನಾವು ಪಕ್ಕದಲ್ಲಿದ್ದೇವೆ ಎಂಬ ಪರಿವೆಯೇ ಅವಕ್ಕಿಲ್ಲ. ಇನ್ನೊಂದು, ನಾವು ಬಹಳ ಮುಂದೆ ಹೋದರೆ ಅವಕ್ಕೆ ಇಲ್ಲದ ವೇಗ ಬರುತ್ತದೆ, ಹಿಂದೆ ಬಿದ್ದರೆ ಅವು ತಾವಾಗಿ ನಿಧಾನಿಸುತ್ತವೆ. ಓಟವನ್ನು ರೋಚಕವಾಗಿಡಲು ಮಾಡುವ ಈ ಹಿಕಮತ್ತಿನಿಂದ, ಚೆನ್ನಾಗಿ ಓಡಿಸಿದ್ದಕ್ಕೂ ಕೆಟ್ಟದಾಗಿ ಓಡಿಸಿದ್ದಕ್ಕೂ ಫಲ ಒಂದೇ ಆಗುತ್ತದೆ. ‘ಗ್ರಾನ್ ಟ್ಯುರಿಸ್ಮೊ’ದಲ್ಲಿ ಮತ್ತೊಂದು ತೊಡಕಿದೆ: ಹಲವು ಓಟಗಳಲ್ಲಿ ನಮ್ಮನ್ನು ಕಟ್ಟಕಡೆಗೆ ನಿಲ್ಲಿಸಿ, ಮೊದಲನೆಯ ಕಾರನ್ನು ದೂರ ಕಳಿಸಿದ ಮೇಲೆ ಓಟ ಶುರುವಾಗುತ್ತದೆ. ಅದು ಪೈಪೋಟಿಯಾಗದೆ ಬೆನ್ನಟ್ಟುವ ಕೆಲಸವಾಗುತ್ತದೆ.

ಇದಕ್ಕೆ ಪರಿಹಾರವಿದೆ ಎಂಬುದಕ್ಕೆ ಪುರಾವೆ ಆಗಲೇ ಸಿಕ್ಕಿದೆ. ಸೋನಿಯ ಸಂಶೋಧಕರು ‘ಸೋಫಿ’ ಎಂಬ ಕೃತಕ ಬುದ್ಧಿಮತ್ತೆಯ ಚಾಲಕನನ್ನು ರೂಪಿಸಿದರು. ಅದಕ್ಕೆ ಯಾರೂ ಗೆರೆ ಹಾಕಿಕೊಡಲಿಲ್ಲ. ಲೆಕ್ಕವಿಲ್ಲದಷ್ಟು ಸಲ ಓಡಿ, ತಪ್ಪಿದಾಗ ದಂಡ, ಮುಂದೆ ಹೋದಾಗ ಬಹುಮಾನ ಪಡೆಯುತ್ತ ಅದು ತಾನೇ ಕಲಿಯಿತು. 2022ರ ಫೆಬ್ರವರಿಯಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯ ಮುಖಪುಟದಲ್ಲಿ ಅದರ ವಿಷಯ ಬಂತು, 2023ರ ನವೆಂಬರ್‌ನಲ್ಲಿ ಅದು ಏಳನೆಯ ಭಾಗದ ಕೆಲವು ಟ್ರ್ಯಾಕುಗಳಿಗೆ ಕಾಯಂ ಆಗಿ ಬಂತು. ಅದರೊಂದಿಗೆ ಓಡಿದವರಿಗೆ ಮೊದಲು ಎದ್ದು ಕಾಣುವುದು ವೇಗವಲ್ಲ, ಸಭ್ಯತೆ: ನಾವು ತಿರುವಿನ ಒಳಗೆ ಮೂತಿ ತೂರಿಸಿದರೆ ಅದು ಒಂದು ಕಾರಿನಷ್ಟು ಜಾಗ ಬಿಡುತ್ತದೆ, ಮುಂದಿನ ತಿರುವಿನಲ್ಲಿ ಅದೇ ಜಾಗವನ್ನು ನಮ್ಮಿಂದ ಕೇಳುತ್ತದೆ. ಮುಂದಿನ ಭಾಗದಲ್ಲಿ ಎಲ್ಲ ಟ್ರ್ಯಾಕಿನಲ್ಲಿಯೂ, ಎಲ್ಲ ಬಗೆಯ ಹವಾಮಾನದಲ್ಲಿಯೂ ಇಂಥ ಎದುರಾಳಿ ಇರಬೇಕೆಂದು ಕೇಳುವುದು ಈ ಪಟ್ಟಿಯಲ್ಲೇ ಅತ್ಯಂತ ನ್ಯಾಯವಾದ ಬೇಡಿಕೆ ಎಂದು ನಾನು ಎಣಿಸುತ್ತೇನೆ.

ಮನುಷ್ಯರೇ ಎದುರಾಳಿಗಳಾದ ಆನ್‌ಲೈನ್ ಓಟದಲ್ಲಿ ತೊಡಕು ಬೇರೆ, ಅದಕ್ಕೆ ಕಾರಣ ಭೂಗೋಳ. ಇಂಟರ್‌ನೆಟ್‌ನ ಸುದ್ದಿಯನ್ನು ಹೊತ್ತ ಬೆಳಕು ಗಾಜಿನ ತಂತಿಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಮುಂಬೈಯಿಂದ ಲಂಡನ್ನಿಗೆ ನೇರ ದೂರ ಸುಮಾರು 7,200 ಕಿ.ಮೀ.; ವರ್ಸೋವಾದ ಕಡಲತಡಿಯಿಂದ ನೀರಿಗಿಳಿಯುವ ತಂತಿಗಳು ಸುತ್ತುಬಳಸಿ ಹೋಗುವುದರಿಂದ ನಿಜವಾದ ಹಾದಿ ಇನ್ನೂ ಉದ್ದ. ನೇರ ದೂರವನ್ನೇ ಹಿಡಿದರೂ ಹೋಗಿ ಬರಲು 72 ಮಿಲಿಸೆಕೆಂಡ್ ಬೇಕು, ಅದಕ್ಕಿಂತ ಕಡಿಮೆ ಮಾಡುವುದು ಯಾವ ಎಂಜಿನಿಯರಿಗೂ ಸಾಧ್ಯವಿಲ್ಲ. ಅಷ್ಟರಲ್ಲಿ 200 ಕಿ.ಮೀ. ವೇಗದ ಕಾರು ನಾಲ್ಕು ಮೀಟರು, ಅಂದರೆ ಒಂದು ಸ್ವಿಫ್ಟಿನ ಉದ್ದದಷ್ಟು, ಮುಂದೆ ಹೋಗಿರುತ್ತದೆ. ಎದುರಾಳಿಯ ಕಾರು ಎಲ್ಲಿತ್ತು ಎಂಬ ಹಳೆಯ ಸುದ್ದಿ ಮಾತ್ರ ನಮ್ಮ ಕನ್ಸೋಲಿಗೆ ಬರುತ್ತದೆ. ಈಗ ಎಲ್ಲಿರಬಹುದು ಎಂದು ಅದು ಊಹಿಸಿ ತೋರಿಸುತ್ತದೆ. ನೇರ ರಸ್ತೆಯಲ್ಲಿ ಊಹೆ ಸರಿಹೋಗುತ್ತದೆ. ತಿರುವಿನಲ್ಲಿ ಎದುರಾಳಿ ನಾವೆಣಿಸಿದ್ದಕ್ಕಿಂತ ಮೊದಲು ಬ್ರೇಕ್ ಒತ್ತಿದರೆ, ನಮ್ಮ ಪರದೆಯಲ್ಲಿ ಅವನ ಕಾರು ಇದ್ದಕ್ಕಿದ್ದಂತೆ ಹಿಂದಕ್ಕೆ ಜಿಗಿದು ನಮ್ಮದಕ್ಕೆ ಬಡಿಯುತ್ತದೆ. ಯಾರೂ ಕೆಟ್ಟದಾಗಿ ಓಡಿಸದೆಯೂ ಇಬ್ಬರಿಗೂ ದಂಡ ಬೀಳುವುದು ಹೀಗೆ.

ಆಟಗಾರರನ್ನು ಒಂದುಗೂಡಿಸುವ ಕಂಪ್ಯೂಟರ್, ಅಂದರೆ ಸರ್ವರ್, ಹತ್ತಿರದಲ್ಲಿಯೇ ಇದ್ದರೆ ಈ ತಡ ಬಹುಪಾಲು ಕರಗುತ್ತದೆ. ಅದಕ್ಕೆ ಬೇಕಾದ ಕಟ್ಟಡಗಳು ನಮ್ಮ ಸುತ್ತಮುತ್ತಲೇ ಇವೆ: ಸರ್ವರುಗಳನ್ನು ಇಡುವ ಮೈಕ್ರೋಸಾಫ್ಟ್‌ನ ಅಜ್ಯೂರ್ ಕೇಂದ್ರ 2015ರಿಂದ ಪುಣೆಯಲ್ಲಿದೆ, ಅಮೆಜಾನಿನದು 2016ರಿಂದ ಮುಂಬೈಯಲ್ಲಿದೆ. ಹಾಗಿದ್ದೂ ‘ಇಂಡಿಯಾ ಸರ್ವರ್ ಬೇಕು’ ಎಂಬ ಬಯಕೆಗೆ ಇನ್ನೊಂದು ಮಗ್ಗುಲಿದೆ. ನಮ್ಮ ಮಟ್ಟದ, ನಮ್ಮ ಹೊತ್ತಿಗೆ ಆಡುವ ಹದಿನೈದು–ಇಪ್ಪತ್ತು ಜನ ಹತ್ತಿರದಲ್ಲೇ ಸಿಕ್ಕರೆ ಮಾತ್ರ ಆ ಸರ್ವರಿನಿಂದ ಪ್ರಯೋಜನ. ಜನ ಸಾಲದೆ ಬಂದರೆ, ಹೊಸಬನನ್ನು ನುರಿತವನ ಜೊತೆ ಓಡಿಸಬೇಕಾಗುತ್ತದೆ. ಆದ್ದರಿಂದ ದೇಶದೊಳಗಿನ ಸರ್ವರ್ ಜೊತೆಗೆ, ಆಟಗಾರರು ಕಡಿಮೆಯಿದ್ದಾಗ ಸಿಂಗಪುರದ ಕಡೆಯವರನ್ನು ಸೇರಿಸಿಕೊಳ್ಳುವ ಏರ್ಪಾಡೂ ಇರಬೇಕು. ಯಾರ ಸಂಪರ್ಕ ಎಷ್ಟು ತಡವಾಗಿದೆ ಎಂಬುದನ್ನು ಓಟಕ್ಕೆ ಮೊದಲೇ ತೋರಿಸಬೇಕು.

ಈಗ, ನನಗೆ ಅತ್ಯಂತ ಮುಖ್ಯವೆನಿಸಿದ ಸಾಲು. ಕಳೆದ ಆಗಸ್ಟಿನಲ್ಲಿ ಮಳೆಗೆ ನಮ್ಮ ಬೀದಿಯ ಇಂಟರ್‌ನೆಟ್ ತಂತಿ ಕಡಿದು ಮೂರು ದಿನ ಸಂಪರ್ಕವಿರಲಿಲ್ಲ. ಕರೆಂಟಿತ್ತು, ಟಿವಿಯಿತ್ತು, ದುಡ್ಡು ಕೊಟ್ಟು ತಂದ ಡಿಸ್ಕಿತ್ತು. ಆದರೆ ಒಬ್ಬನೇ ಆಡುವ ಓಟಗಳೂ ತೆರೆಯಲಿಲ್ಲ, ಏಕೆಂದರೆ ನಾವು ಆಡುತ್ತಿದ್ದ ಗೇಮ್ ನಮ್ಮ ಗಳಿಕೆಯ ಲೆಕ್ಕವನ್ನೆಲ್ಲ ದೂರದ ಸರ್ವರಿನಲ್ಲಿಟ್ಟಿತ್ತು. ಆ ಮೂರು ದಿನ ಹುಡುಗರು ಹಳೆಯ ಕನ್ಸೋಲ್ ತೆಗೆದು ಹತ್ತು ವರ್ಷದ ಹಿಂದಿನ ಗೇಮ್ ಆಡಿದರು. ‘ಇಂಟರ್‌ನೆಟ್ ಇಲ್ಲದಿದ್ದರೂ ಆಡಲು ಬರಬೇಕು’ ಎಂಬ ಹದಿಮೂರನೆಯ ಸಾಲನ್ನು ಅವರು ಆಮೇಲೆ ಬೇರೆ ಪೆನ್ನಿನಲ್ಲಿ ಸೇರಿಸಿದ್ದು.

ಮೂರು ದಿನದ ತೊಂದರೆ ದೊಡ್ಡದಲ್ಲ ಎನ್ನಬಹುದು. ಆದರೆ ಸರ್ವರನ್ನು ಶಾಶ್ವತವಾಗಿ ಮುಚ್ಚಿದ ಉದಾಹರಣೆಗಳಿವೆ. ಯೂಬಿಸಾಫ್ಟ್ 2014ರಲ್ಲಿ ತಂದ ‘ದಿ ಕ್ರೂ’ ಎಂಬ ಗೇಮಿನಲ್ಲಿ ಅಮೆರಿಕದ ಉದ್ದಗಲವನ್ನು ಚಿಕ್ಕದಾಗಿ ಮಾಡಿ ಸುತ್ತಲು ಕೊಟ್ಟಿದ್ದರು. ಅದರ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದ ಮೇಲೆ, ಡಿಸ್ಕ್ ಇಟ್ಟುಕೊಂಡವರಿಗೂ ಅದು ತೆರೆಯುವುದಿಲ್ಲ. ಇದೇ ಕಾರಣದಿಂದ ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರುಮಾಡಿದರು, ಅದಕ್ಕೆ ಸಂಬಂಧಿಸಿದ ಯುರೋಪಿನ ನಾಗರಿಕರ ಮನವಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿಗಳನ್ನು ದಾಟಿತು. ಒತ್ತಾಯಕ್ಕೆ ಫಲವೂ ಇದೆ: ‘ದಿ ಕ್ರೂ 2’ಕ್ಕೆ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆಯನ್ನು 2025ರಲ್ಲಿ ಕೊಟ್ಟರು. ಇನ್ನೊಂದು ಬಗೆಯ ಕಣ್ಮರೆಯೂ ಇದೆ. ಕಾರು ತಯಾರಕರ ಅನುಮತಿಯ ಅವಧಿ ಮುಗಿದಾಗ ಗೇಮಿನ ಮಾರಾಟವೇ ನಿಲ್ಲುತ್ತದೆ. ‘ಫೋರ್ಜಾ ಮೋಟಾರ್‌ಸ್ಪೋರ್ಟ್ 7’ 2021ರ ಸೆಪ್ಟೆಂಬರ್‌ನಲ್ಲಿಯೂ ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್‌ನಲ್ಲಿಯೂ ಆನ್‌ಲೈನ್ ಅಂಗಡಿಯಿಂದ ಹೊರಬಿದ್ದವು. ಅವನ್ನು ಕೊಂಡಿದ್ದವರು ಈಗಲೂ ಆಡಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಆದರೂ, ಪುಸ್ತಕದ ಹಳೆಯ ಮುದ್ರಣವನ್ನು ಹುಡುಕಿ ತರುವಂತೆ ಹಳೆಯ ಗೇಮನ್ನು ತರಲಾಗದಿದ್ದರೆ, ಹೊಸ ಭಾಗ ಹಿಂದಿನದಕ್ಕಿಂತ ಯಾವುದರಲ್ಲಿ ಮುಂದಿದೆ, ಯಾವುದರಲ್ಲಿ ಹಿಂದೆ ಬಿದ್ದಿದೆ ಎಂದು ಹೋಲಿಸುವುದಕ್ಕೂ ದಾರಿ ಉಳಿಯುವುದಿಲ್ಲ.

ನಮ್ಮ ದೇಶದ ರಸ್ತೆಯ ಬಯಕೆ ಹೊಸದಲ್ಲ. ಹಿಂದೆ ಅದು ಸ್ವಲ್ಪ ಈಡೇರಿದ್ದೂ ಉಂಟು. ಗ್ರೇಟರ್ ನೋಯ್ಡಾದ 5.125 ಕಿ.ಮೀ. ಉದ್ದದ ಬುದ್ಧ್ ಟ್ರ್ಯಾಕಿನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದಾಗ, ಆಯಾ ವರ್ಷದ ಅಧಿಕೃತ ಗೇಮಿನಲ್ಲಿಯೂ ಆ ಟ್ರ್ಯಾಕಿತ್ತು. ‘ಡ್ರೈವ್‌ಕ್ಲಬ್’ನಲ್ಲಿ ಕೆನಡಾ, ಚಿಲಿ, ನಾರ್ವೆ, ಸ್ಕಾಟ್ಲೆಂಡ್‌ಗಳ ಜೊತೆಗೆ ಭಾರತವೂ ಒಂದು ದೇಶವಾಗಿತ್ತು. ಆ ಗೇಮಿಗೆ ಎರಡನೆಯ ಭಾಗ ಬರಲೇ ಇಲ್ಲ. ಅದನ್ನು ಮಾಡಿದ ಸ್ಟುಡಿಯೋ 2016ರಲ್ಲಿ ಮುಚ್ಚಿತು, ಸರ್ವರುಗಳು 2020ರ ಮಾರ್ಚ್‌ನಲ್ಲಿ ನಿಂತವು. ಭಾರತದ ರಸ್ತೆಯನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದ್ದ ಆ ಸರಣಿ ಮುಂದುವರಿಯಲಿಲ್ಲವೆಂಬ ಕೊರಗು ನನಗೆ ಇವತ್ತಿಗೂ ಇದೆ. ಜಪಾನ್ ಬೇಕೆಂದು ‘ಹೊರೈಜನ್’ ಅಭಿಮಾನಿಗಳು ವರ್ಷಗಟ್ಟಲೆ ಕೇಳಿದರು, 2025ರ ಟೋಕಿಯೊ ಗೇಮ್ ಶೋನಲ್ಲಿ ಅದರ ಆರನೆಯ ಭಾಗ ಜಪಾನಿನಲ್ಲೇ ಎಂದು ಸಾರಿದರು. ಕೇಳುವುದರಲ್ಲಿ ಅರ್ಥವಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ನಾನು ಕೇಳುವುದಾದರೆ ಖಂಡಾಲಾದ ಬೋರ್ ಘಾಟನ್ನು ಕೇಳುತ್ತೇನೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಅಲ್ಲ, ಅದು ಅಗಲವಾದ ನೇರ ದಾರಿ. ಹಳೆಯ ಹೆದ್ದಾರಿಯ ತಿರುವುಗಳು ಬೇಕು, ಒಂದು ಬದಿಯಲ್ಲಿ ಬಂಡೆಯಿಂದ ಸುರಿಯುವ ನೀರು, ಇನ್ನೊಂದು ಬದಿಯಲ್ಲಿ ಮಂಜು ತುಂಬಿದ ಕಣಿವೆ. ಅಲ್ಲಿದ್ದ 1830ರ ಅಮೃತಾಂಜನ್ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ ಕೆಡವಿದ್ದಾರೆ. ಲೇಸರಿನಿಂದ ಅಳೆದು ಒಂದು ಗೇಮಿನೊಳಗೆ ಇಟ್ಟಿದ್ದರೆ ಅದರ ಕೆಳಗೆ ಇಂದಿಗೂ ಹಾದುಹೋಗಬಹುದಿತ್ತು. ನಿಜವಾದ ಘಾಟಿಯಲ್ಲಿ ಯಾರೂ ಎಂದೂ ಮಾಡಬಾರದ ವೇಗವನ್ನು ಮಾಡಲು ಪರದೆಯೇ ಯೋಗ್ಯ ಜಾಗ. ಕೆಲಸ ಮಾಡುವ ಕೈಗಳಿಗೂ ಕೊರತೆಯಿಲ್ಲ. ‘ಫೋರ್ಜಾ ಹೊರೈಜನ್ 2’ರ ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಮಾಡಿದ ಬ್ರಿಟನ್ನಿನ ಸುಮೋ ಡಿಜಿಟಲ್ 2007ರಲ್ಲೇ ಪುಣೆಯಲ್ಲಿ ತನ್ನ ಸ್ಟುಡಿಯೋ ತೆರೆದಿತ್ತು.

ಪಟ್ಟಿಯ ಕೊನೆಯ ಸಾಲು, ನಾಲ್ವರಲ್ಲಿ ಅತಿ ಚಿಕ್ಕವನ ಅಕ್ಷರದಲ್ಲಿ: ‘ನಾಲ್ಕೂ ಜನ ಒಟ್ಟಿಗೆ ಆಡಬೇಕು.’ ಪರದೆಯನ್ನು ಹಂಚಿಕೊಂಡು ಆಡುವ ಈ ಪದ್ಧತಿ ಒಂದು ಕಾಲದಲ್ಲಿ ಬಹಳಷ್ಟು ರೇಸಿಂಗ್ ಗೇಮ್‌ಗಳಲ್ಲಿ ಇತ್ತು, ಈಗ ಹಲವು ಗೇಮ್‌ಗಳು ಅದನ್ನು ಬಿಟ್ಟಿವೆ. ಬಿಡಲು ಕಾರಣ ಮತ್ತೆ ಅದೇ 16.67 ಮಿಲಿಸೆಕೆಂಡ್: ನಾಲ್ವರಿಗೆ ನಾಲ್ಕು ಕಡೆಯಿಂದ ಕಾಣುವ ರಸ್ತೆಯನ್ನು ಅಷ್ಟೇ ಹೊತ್ತಿನಲ್ಲಿ ನಾಲ್ಕು ಸಲ ಬರೆಯಬೇಕು. ಅದಕ್ಕಾಗಿ ಮರಗಳ ಎಲೆ ಕಡಿಮೆಯಾಗಬಹುದು, ದೂರದ ಬೆಟ್ಟ ಮಸುಕಾಗಬಹುದು, ನೀರಿನಲ್ಲಿ ಕಾಣುವ ಪ್ರತಿಬಿಂಬ ಮಾಯವಾಗಬಹುದು. ‘ಗ್ರಾನ್ ಟ್ಯುರಿಸ್ಮೊ 7’ 2023ರ ನವೆಂಬರ್‌ನಲ್ಲಿ ಪಿಎಸ್5ಕ್ಕೆ ಇದನ್ನು ಕೊಟ್ಟಿತು. ಮಾಡಲು ಬರುತ್ತದೆ ಎಂದಾಯಿತು, ಮುಂದಿನ ಭಾಗದಲ್ಲಿ ಮೊದಲ ದಿನದಿಂದಲೇ ಇರಲಿ ಎಂದು ಕೇಳುವುದಷ್ಟೇ ಉಳಿದಿದೆ. ಹಂಚಿಕೊಂಡರೆ ಚಿತ್ರ ಬಹಳ ಚಿಕ್ಕದಾಗುತ್ತದೆ ಎಂದು ನಾನು ಹೇಳಿದಾಗ, ಆ ಹುಡುಗ ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪು ತಂದು ಟಿವಿಯನ್ನು ಮೂಲೆಯಿಂದ ಮೂಲೆಗೆ ಅಳೆದ. 43 ಇಂಚು. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಇಪ್ಪತ್ತೊಂದೂವರೆ ಇಂಚಿನ ಪರದೆ. ಅದನ್ನೂ ಕರೆಯೋಲೆಯ ಅಂಚಿನಲ್ಲಿ ಬರೆದು, ಇನ್ನೆರಡು ಕಂಟ್ರೋಲರಿಗೆ ಎಷ್ಟಾಗುತ್ತದೆ ಎಂದು ಕೇಳಿದ.